ಐದು ವಾಟಿನ ಟ್ಯೂಬ್ ಆಂಪಿನಿಂದ ಒಳ್ಳೆಯ ದನಿ ತೆಗೆಯುವುದು ಹೇಗೆ

ಪುಟ್ಟ ಟ್ಯೂಬ್ ಆಂಪ್, ಅಂದರೆ ಗಾಜಿನ ಟ್ಯೂಬುಗಳಿಂದ ಎಲೆಕ್ಟ್ರಿಕ್ ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ, ತಂದವರು ಮೊದಲ ದಿನ ಸಾಮಾನ್ಯವಾಗಿ ಒಂದೇ ತಪ್ಪು ಮಾಡುತ್ತಾರೆ. ವಾಲ್ಯೂಮನ್ನು ಎರಡರಲ್ಲೋ ಮೂರರಲ್ಲೋ ಇಟ್ಟು ನಾಲ್ಕು ಕಾರ್ಡ್ ಬಾರಿಸುತ್ತಾರೆ, "ಅಯ್ಯೋ, ಇಷ್ಟೇನಾ, ಸಪ್ಪೆಯಾಗಿದೆಯಲ್ಲ" ಅಂತ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಆಂಪಿನದೇನೂ ತಪ್ಪಿರುವುದಿಲ್ಲ. ಈ ಪೆಟ್ಟಿಗೆಯನ್ನು ಏರಿಸಿಟ್ಟು, ಗಿಟಾರಿನ ಕಡೆಯಿಂದ ಹಿಡಿತದಲ್ಲಿಡಬೇಕು. ಅದಕ್ಕೆ ಸ್ವಲ್ಪ ಅಭ್ಯಾಸ ಬೇಕು, ಅಷ್ಟೇ.

ಈ ಜಾತಿಗೆಲ್ಲ ಅಜ್ಜ ಅನ್ನಬಹುದಾದದ್ದು 1950ರ ದಶಕದಲ್ಲಿ ಫೆಂಡರ್ ಕಂಪನಿ ಮಾಡಿದ ಚಾಂಪ್ ಆಂಪ್, ಅದರಲ್ಲೂ 5ಎಫ್1 ಅನ್ನುವ ಮಾದರಿ. ಒಳಗೆ ಮೂರು ಟ್ಯೂಬ್: ಗಿಟಾರಿನ ಸಣ್ಣ ಸದ್ದನ್ನು ಮೊದಲು ಹಿಗ್ಗಿಸಲು ಒಂದು 12ಎಎಕ್ಸ್7 (ಪ್ರೀಆಂಪ್ ಟ್ಯೂಬ್), ಸ್ಪೀಕರನ್ನು ನಡೆಸಲು ಒಂದು 6ವಿ6 (ಪವರ್ ಟ್ಯೂಬ್), ಎಸಿ ಕರೆಂಟನ್ನು ಡಿಸಿ ಮಾಡಲು ಒಂದು 5ವೈ3, ಜೊತೆಗೆ ಎಂಟು ಇಂಚಿನ ಸ್ಪೀಕರ್. ಸುಮಾರು 5 ವಾಟ್. ವಾಲ್ಯೂಮ್ ನಾಬ್ ಒಂದೇ, ಟೋನ್ ನಾಬ್ ಇಲ್ಲವೇ ಇಲ್ಲ! ಇವತ್ತು ವಿಂಟೇಜ್ ಅಂತ ಬರುವ ಪುಟಾಣಿ ಆಂಪುಗಳಲ್ಲಿ ಬಹಳಷ್ಟು ಇದರ ಮೊಮ್ಮಕ್ಕಳೇ. ಇನ್ನು ಕೆಲವು ವಾಕ್ಸ್ ಅನ್ನುವ ಕಂಪನಿಯ ಮನೆತನದವು, ಅವುಗಳಲ್ಲಿ ಪವರ್ ಟ್ಯೂಬಾಗಿ ಇಎಲ್84 ಇರುತ್ತದೆ. 6ವಿ6 ದನಿ ದುಂಡಗೆ, ಇಎಲ್84 ದನಿ ಸ್ವಲ್ಪ ಗಣಗಣ. ನನಗೆ ಮೊದಲನೆಯದೇ ಇಷ್ಟ, ಆದರೆ ಅದು ಅವರವರ ಕಿವಿಗೆ ಬಿಟ್ಟದ್ದು.

ಸ್ವಿಚ್ ಹಾಕುವ ಮೊದಲು ಆಂಪಿನ ಹಿಂದೆ ಬರೆದಿರುವ ವೋಲ್ಟೇಜನ್ನು ಓದಿ. 120 ವೋಲ್ಟಿನ ಆಂಪನ್ನು 230ರ ಸಾಕೆಟ್ಟಿಗೆ ನೇರವಾಗಿ ಚುಚ್ಚಿದರೆ ಮುಗಿಯಿತು. ಪ್ಲಗ್ಗಿನ ಅರ್ತ್ ಪಿನ್ನನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ, ನಿಮ್ಮ ಬೆರಳು ತಂತಿಯ ಮೇಲಿರುತ್ತದೆ, ಆ ತಂತಿ ಆಂಪಿನ ಲೋಹದ ಚಾಸಿಗೇ ಸೇರಿರುತ್ತದೆ. ಆಮೇಲೆ ಸ್ಪೀಕರ್ ವೈರ್ ಸರಿಯಾಗಿ ಕೂತಿದೆಯಾ ನೋಡಿ. ಟ್ಯೂಬ್ ಆಂಪನ್ನು ಸ್ಪೀಕರ್ ಇಲ್ಲದೆ ನುಡಿಸಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಒಮ್ಮೆ ಆ ವೈರ್ ಕಿತ್ತುಬಂದಿದ್ದು ಗೊತ್ತಾಗದೆ, ಸದ್ದು ಯಾಕೆ ಬರುತ್ತಿಲ್ಲ ಅಂತ ಹತ್ತು ನಿಮಿಷ ಪೆಡಲುಗಳನ್ನೆಲ್ಲ ಬೈಯುತ್ತಾ ಕೂತಿದ್ದೆ. ಟ್ರಾನ್ಸ್‌ಫಾರ್ಮರ್ ಉಳಿದದ್ದು ನನ್ನ ಪುಣ್ಯ. ಬೇರೆ ಸ್ಪೀಕರ್ ಹಾಕುವುದಾದರೆ ಓಮ್ (ಸ್ಪೀಕರಿನ ವಿದ್ಯುತ್ ತಡೆಯ ಅಳತೆ) ಕೂಡ ಹೊಂದಬೇಕು, 8 ಓಮಿನ ತೂತಿಗೆ 8 ಓಮಿನ ಸ್ಪೀಕರ್.

ಸ್ವಿಚ್ ಹಾಕಿ ಒಂದು ನಿಮಿಷ ಬಿಡಿ, ಟ್ಯೂಬ್ ಬಿಸಿಯಾಗಲಿ.

ಈಗ ಮುಖ್ಯ ಕೆಲಸ. ಗಿಟಾರಿನ ವಾಲ್ಯೂಮ್ ಪೂರ್ತಿ ಏರಿಸಿ. ಆಂಪಿನದನ್ನು ಕೆಳಗಿನಿಂದ ನಿಧಾನಕ್ಕೆ ಏರಿಸುತ್ತಾ ಒಂದೇ ಕಾರ್ಡನ್ನು ಮತ್ತೆ ಮತ್ತೆ ಬಾರಿಸಿ. ಒಂದು ಜಾಗದಲ್ಲಿ, ಜೋರಾಗಿ ಬಾರಿಸಿದಾಗ ಮಾತ್ರ ದನಿಯ ಅಂಚು ಒಡೆಯಲು ಶುರುವಾಗುತ್ತದೆ, ಮೆತ್ತಗೆ ಮೀಟಿದರೆ ಸ್ವಚ್ಛವಾಗಿಯೇ ಇರುತ್ತದೆ. ಅಲ್ಲಿಂದ ಇನ್ನೊಂದು ಚೂರು ಮೇಲೆ ಹೋಗಿ ನಾಬಿನಿಂದ ಕೈ ತೆಗೆಯಿರಿ. ಇನ್ನು ಅದನ್ನು ಮರೆತುಬಿಡಿ. ಗಿಟಾರಿನ ನಾಬನ್ನು ಐದಕ್ಕೋ ಆರಕ್ಕೋ ಇಳಿಸಿ ನುಡಿಸಿ ನೋಡಿ, ಒಡಕು ಮಾಯವಾಗಿ ತಿಳಿಯಾದ ದನಿ ಬರುತ್ತದೆ, ಎಂಟಕ್ಕೆ ಏರಿಸಿದರೆ ಗೊರಗೊರ, ಹತ್ತಕ್ಕೆ ಹೋದರೆ ಸೋಲೋ. ಪಿಕ್ ಹಿಡಿಯುವ ಬಿಗಿಯಲ್ಲೂ ಇದೇ ಆಟ. ಚಾನೆಲ್ ಬದಲಿಸುವ ಸ್ವಿಚ್ ಇಲ್ಲ ಅಂತ ಕೊರಗುವವರು ಒಂದು ವಾರ ಹೀಗೆ ನುಡಿಸಲಿ, ಆಮೇಲೆ ಮಾತಾಡೋಣ. ಗಿಟಾರಿನಲ್ಲಿ ಎರಡು ಸುರುಳಿಯ ಹಂಬಕರ್ ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಭಾಗ) ಇದ್ದರೆ ದನಿ ಬೇಗ ಒಡೆಯುತ್ತದೆ, ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಇದ್ದರೆ ಆಂಪನ್ನು ಇನ್ನಷ್ಟು ಏರಿಸಬೇಕಾಗುತ್ತದೆ.

ಗಿಟಾರ್ ನಾಬ್ ಇಳಿಸಿದಾಗ ದನಿ ಮಂಕಾದರೆ ಅದು ಗಿಟಾರಿನ ವೈರಿಂಗ್ ಸಂಗತಿ. ಗಿಟಾರಿನ ವಾಲ್ಯೂಮ್ ನಾಬಿನ ಕೆಳಗಿರುವ ಪಾಟ್‌ಗೆ, ಚೂಪು ದನಿ (ಟ್ರೆಬಲ್) ಕಳೆದುಹೋಗದಂತೆ ನೋಡಿಕೊಳ್ಳುವ ಟ್ರೆಬಲ್ ಬ್ಲೀಡ್ ಅನ್ನುವ ಪುಟ್ಟ ಕೆಪಾಸಿಟರ್ ಬೆಸುಗೆ ಹಾಕಿಸಿದರೆ ಸಾಕು.

ಆಂಪನ್ನು ನೆಲದ ಮೇಲೆ ಇಡಬೇಡಿ. ನೆಲ ಬಾಸನ್ನು ಹಿಗ್ಗಿಸುತ್ತದೆ, ಎಂಟು ಇಂಚಿನ ಸ್ಪೀಕರಿಗೆ ಅದು ಮೊದಲೇ ತಡೆಯದು. ಇನ್ನೊಂದು ಕಾರಣವಿದೆ: ಟ್ರೆಬಲ್ ಸ್ಪೀಕರಿನಿಂದ ನೇರ ಗೆರೆಯಲ್ಲಿ ಹೋಗುತ್ತದೆ. ಆಂಪ್ ಕಾಲ ಬಳಿ ಇದ್ದರೆ ಚೂಪೆಲ್ಲ ನಿಮ್ಮ ಮೊಣಕಾಲಿಗೆ ತಾಗುತ್ತದೆ, ಕಿವಿಗೆ ಬರುವುದು ಮಂಕು ದನಿ ಮಾತ್ರ. ಕುರ್ಚಿಯ ಮೇಲಿಟ್ಟು ಸ್ವಲ್ಪ ಹಿಂದಕ್ಕೆ ವಾಲಿಸಿ. ಒಂದು ಪೈಸೆ ಖರ್ಚಿಲ್ಲದೆ ಆಂಪೇ ಬದಲಾದಂತಾಗುತ್ತದೆ.

ಇಷ್ಟೆಲ್ಲ ಏರಿಸಿದರೆ ಅಕ್ಕಪಕ್ಕದವರು ಸುಮ್ನೆ ಇರುತ್ತಾರಾ? ಇರಲ್ಲ. 5 ವಾಟ್ ಅಂದರೆ 50 ವಾಟಿನ ಹತ್ತನೇ ಒಂದು ಪಾಲು ಸದ್ದು ಅಂತ ಲೆಕ್ಕ ಹಾಕಬೇಡಿ. ಪವರ್ ಹತ್ತರಲ್ಲೊಂದು ಪಾಲಾದರೆ 10 ಡೆಸಿಬಲ್ ಇಳಿಯುತ್ತದೆ, ಕಿವಿಗೆ ಅದು ಸುಮಾರು ಅರ್ಧ ಅನ್ನಿಸುತ್ತದೆ. ಸಣ್ಣ ಕೋಣೆಗೆ ಇದೇ ಜಾಸ್ತಿ. ಆಂಪಿಗೂ ಸ್ಪೀಕರಿಗೂ ನಡುವೆ ಅಟೆನ್ಯುಯೇಟರ್ (ಸ್ಪೀಕರಿಗೆ ಹೋಗುವ ಪವರನ್ನು ತಗ್ಗಿಸುವ ಪೆಟ್ಟಿಗೆ) ಹಾಕುವುದು ನೇರವಾದ ದಾರಿ, ಓಮ್ ಮತ್ತು ವಾಟ್ ಎರಡೂ ಹೊಂದುವಂಥದ್ದು ತನ್ನಿ. ಅದಿಲ್ಲದಿದ್ದರೆ ಆಂಪನ್ನು ತಗ್ಗಿಸಿ ಮುಂದೆ ಒಂದು ಒಳ್ಳೆಯ ಓವರ್‌ಡ್ರೈವ್ ಪೆಡಲ್, ಅಂದರೆ ತಗ್ಗಿದ ವಾಲ್ಯೂಮಿನಲ್ಲೂ ದನಿ ಒಡೆಸುವ ಪೆಡಲ್, ಹಾಕಿ. ಅದೇ ದನಿ ಬರುತ್ತದೆ ಅಂತ ಸುಳ್ಳು ಹೇಳಲಾರೆ, ರಾತ್ರಿ ಹತ್ತರ ಮೇಲೆ ಅಷ್ಟು ಸಾಕು.

ದನಿ ತುಂಬ ಬೇಗ ಒಡೆಯುತ್ತದೆ ಅನ್ನುವವರು ಮೊದಲ ಟ್ಯೂಬಿನ ಜಾಗಕ್ಕೆ 12ಎವೈ7 ಹಾಕಿ ನೋಡಬಹುದು. 12ಎಎಕ್ಸ್7ರ ವರ್ಧನೆ 100, ಇದರದು ಸುಮಾರು 45, ಪಿನ್ನುಗಳು ಒಂದೇ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಟ್ಯೂಬ್ ಪೂರ್ತಿ ತಣ್ಣಗಾದ ಮೇಲೆ ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾ ನೇರಕ್ಕೆ ಎಳೆಯಿರಿ. ಹಾಕುವಾಗ ಪಿನ್ನುಗಳ ನಡುವಿನ ಖಾಲಿ ಜಾಗ ನೋಡಿಕೊಂಡು ಕೂರಿಸಿ. ಪವರ್ ಟ್ಯೂಬ್ ವಿಷಯ ಬೇರೆ. ಬಯಾಸ್ ಅಂದರೆ ಟ್ಯೂಬಿನಲ್ಲಿ ಹರಿಯುವ ಕರೆಂಟಿನ ಹೊಂದಾಣಿಕೆ. ಅದು ತಾನಾಗಿಯೇ ಆಗುವ ಕ್ಯಾಥೋಡ್ ಬಯಾಸ್ ಆಂಪಾದರೆ, ಚಾಂಪ್ ಮಾದರಿಯವು ಹೀಗೆಯೇ, ಅದೇ ನಂಬರಿನ ಹೊಸದನ್ನು ಹಾಕಿ ನುಡಿಸಬಹುದು. ಬೇರೆಯಾಗಿ ಹೊಂದಿಸಬೇಕಾದ ಫಿಕ್ಸ್ಡ್ ಬಯಾಸ್ ಆದರೆ ರಿಪೇರಿ ಗೊತ್ತಿರುವವರ ಕೈಗೆ ಕೊಡಿ. ಚಾಸಿಯನ್ನಂತೂ ನೀವೇ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮೇಲೆ ನಿಂತಿರಬಹುದು, ಅದು ಪ್ರಾಣ ತೆಗೆಯುತ್ತದೆ.

ಟ್ಯೂಬ್ ಕೆಟ್ಟಿದೆಯಾ ಅಂತ ನೋಡುವುದು ಹೀಗೆ. ಗಾಜಿನ ಒಳಮೈಯಲ್ಲಿ ನೀಲಿ ಹೊಳಪು ಕಂಡರೆ ಹೆದರಬೇಡಿ, ಸಹಜ. ಒಳಗಿನ ಬೂದು ತಗಡೇ ಕೆಂಪಗೆ ಕಾದರೆ ತಕ್ಷಣ ಆರಿಸಿ. ಗಾಜಿಗೆ ಅಂಟಿದ ಬೆಳ್ಳಿಯ ಬಣ್ಣ ಹಾಲಿನ ಹಾಗೆ ಬಿಳಿಯಾಗಿದ್ದರೆ ಒಳಗೆ ಗಾಳಿ ನುಗ್ಗಿದೆ, ಅದು ಸತ್ತ ಟ್ಯೂಬ್. ಕಿಣಿಕಿಣಿ ಅನ್ನುತ್ತಿದ್ದರೆ ಆಂಪ್ ಆನ್ ಇರುವಾಗಲೇ ಪೆನ್ಸಿಲ್ಲಿನ ಮರದ ತುದಿಯಿಂದ ಒಂದೊಂದನ್ನೇ ಮೆತ್ತಗೆ ತಟ್ಟಿ, ಸ್ಪೀಕರಿನಲ್ಲಿ ಜೋರಾಗಿ ಮಾರ್ದನಿಸುವುದೇ ಕಳ್ಳ. ಎಲ್ಲವೂ ಸರಿಯಿದ್ದರೆ ಸುಮ್ಮನೆ ಬದಲಿಸುತ್ತಾ ಕೂರಬೇಡಿ, ಪ್ರೀಆಂಪ್ ಟ್ಯೂಬುಗಳು ವರ್ಷಗಟ್ಟಲೆ ಬಾಳುತ್ತವೆ.

ಗುಂಯ್ ಅನ್ನುವ ಸದ್ದು ಬಂದರೆ ಗಿಟಾರ್ ಕೇಬಲ್ ಕಿತ್ತು ನೋಡಿ. ನಿಂತರೆ ಪಿಕಪ್ಪಿನದೋ ಕೇಬಲ್ಲಿನದೋ ದೋಷ. ವಾಲ್ಯೂಮ್ ಸೊನ್ನೆಯಲ್ಲಿದ್ದರೂ ನಿಲ್ಲದಿದ್ದರೆ ಆಂಪಿನೊಳಗಿನದು. ಒಂದೇ ಪವರ್ ಟ್ಯೂಬ್ ಇರುವ ಆಂಪುಗಳಲ್ಲಿ ಚೂರು ಗುಂಯ್ ಇದ್ದೇ ಇರುತ್ತದೆ. ಮೊದಲು ಇಲ್ಲದ್ದು ದಿನೇ ದಿನೇ ಏರುತ್ತಿದ್ದರೆ ಮಾತ್ರ ಫಿಲ್ಟರ್ ಕೆಪಾಸಿಟರ್ ಒಣಗಿರಬಹುದು, ರಿಪೇರಿಗೆ ಒಯ್ಯಿರಿ.