ಜೇಸನ್, ಎಕ್ಸ್‌ಎಂಎಲ್, ಯಾಮಲ್: ಪರೀಕ್ಷೆಯ ತಯಾರಿಯಲ್ಲಿ ನಾನು ಅನುಸರಿಸಿದ ದಾರಿ

ನೆಟ್‌ವರ್ಕ್ ಉಪಕರಣಗಳ ಕಂಪನಿ ಸಿಸ್ಕೋದ ಸಿಸಿಎನ್‌ಎ ಪ್ರಮಾಣಪತ್ರ ಪರೀಕ್ಷೆಯಲ್ಲಿ (200-301) ಆಟೊಮೇಶನ್ ಭಾಗಕ್ಕಿರುವುದು ಶೇ. 10ರಷ್ಟು ಪಾಲು, ಜೇಸನ್ (ಎಕ್ಸ್‌ಎಂಎಲ್, ಯಾಮಲ್‌ಗಳಂತೆ ದತ್ತಾಂಶವನ್ನು ಪಠ್ಯವಾಗಿ ಬರೆದಿಡುವ ಒಂದು ಸ್ವರೂಪ) ದತ್ತಾಂಶವನ್ನು ಗುರುತಿಸುವುದು ಆ ಭಾಗದ ಪಠ್ಯಕ್ರಮದಲ್ಲಿ ಒಂದೇ ಒಂದು ಸಾಲು. ಸ್ವಿಚ್, ರೂಟರ್‌ಗಳ ಕೆಲಸ ಮಾಡಿಕೊಂಡೇ ಓದುವ ನಮ್ಮಂಥವರಲ್ಲಿ ಹೆಚ್ಚಿನವರು ಅದನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ನಾನು ಅದನ್ನು ಮೊದಲೇ ಕೈಗೆತ್ತಿಕೊಂಡೆ. ಮುಂದೆ ಸಿಸ್ಕೋದ್ದೇ ಇನ್ನೊಂದು ಪರೀಕ್ಷೆಯಾದ ಡೆವ್‌ನೆಟ್ ಅಸೋಸಿಯೇಟ್ (200-901) ಬರೆಯಬೇಕೆಂಬ ಆಸೆಯಿತ್ತು, ಮತ್ತು ಅಲ್ಲಿ ಎಕ್ಸ್‌ಎಂಎಲ್, ಜೇಸನ್, ಯಾಮಲ್ ಮೂರನ್ನೂ ಹೋಲಿಸುವುದು, ಅವುಗಳನ್ನು ಪೈಥಾನ್‌ನಲ್ಲಿ ಬಿಡಿಸಿ ಓದುವುದು ಎರಡೂ ಪಠ್ಯಕ್ರಮದಲ್ಲಿಯೇ ಇದ್ದವು. ಪರೀಕ್ಷೆಯಲ್ಲಿ ಕಂಡ ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲವೆಂದು ಬರೆಯುವ ಮೊದಲೇ ಒಪ್ಪಿಕೊಂಡಿರುತ್ತೇವೆ. ಆದ್ದರಿಂದ ಇಲ್ಲಿ ಹೇಳುತ್ತಿರುವುದು ತಯಾರಿ ನಡೆದ ಬಗೆಯನ್ನು ಮಾತ್ರ.

ಪುಸ್ತಕಗಳ ಉದಾಹರಣೆಗಳಲ್ಲಿ ಬರುವ ಇಂಟರ್‌ಫೇಸ್ ಹೆಸರುಗಳೂ ಐಪಿ ವಿಳಾಸಗಳೂ ನಮಗೆ ದಿನವೂ ಕಂಡು ಪರಿಚಯವಿರುವಂಥವು. ಕಣ್ಣು ಅವುಗಳನ್ನೇ ಓದಿ, ಅರ್ಥವಾಯಿತೆಂದು ಮುಂದೆ ಸಾಗಿಬಿಡುತ್ತದೆ. ಅವುಗಳನ್ನು ಹಿಡಿದಿಟ್ಟಿರುವ ಬ್ರ್ಯಾಕೆಟ್, ಕೋಲನ್, ಅಲ್ಪವಿರಾಮಗಳು ಗಮನಕ್ಕೇ ಬರುವುದಿಲ್ಲ. ದತ್ತಾಂಶದ ರಚನೆ ಇರುವುದೆಲ್ಲ ಆ ಚಿಹ್ನೆಗಳಲ್ಲಿ. ಹಾಗಾಗಿ ನನ್ನ ಅಭ್ಯಾಸದ ದಾಖಲೆಗಳನ್ನು ಕನ್ನಡದಲ್ಲಿಯೇ ಬರೆದುಕೊಳ್ಳುವ ಕ್ರಮವನ್ನು ಇಟ್ಟುಕೊಂಡೆ. ಇದಕ್ಕೆ ತಾಂತ್ರಿಕವಾಗಿ ಯಾವ ಅಡ್ಡಿಯೂ ಇಲ್ಲ: ವ್ಯವಸ್ಥೆಯಿಂದ ವ್ಯವಸ್ಥೆಗೆ ಸಾಗುವ ಜೇಸನ್ ಎಲ್ಲ ಲಿಪಿಗಳನ್ನೂ ಬರೆಯಬಲ್ಲ ಯುಟಿಎಫ್-8 ಸಂಕೇತಕ್ರಮದಲ್ಲಿಯೇ ಇರಬೇಕೆಂದು ಜೇಸನ್‌ನ 2017ರ ಮಾನದಂಡ ಆರ್‌ಎಫ್‌ಸಿ 8259 ಹೇಳುವುದರಿಂದ ಕೀಗಳೂ (ಮೌಲ್ಯಗಳಿಗೆ ಕೊಡುವ ಹೆಸರುಗಳು) ಮೌಲ್ಯಗಳೂ ಕನ್ನಡದಲ್ಲಿರಬಹುದು, ಎಕ್ಸ್‌ಎಂಎಲ್‌ನ ಟ್ಯಾಗ್ ಹೆಸರುಗಳೂ ಹಾಗೆಯೇ. ಕನ್ನಡದ ಅಕ್ಷರಗಳ ನಡುವೆ ಚಿಹ್ನೆಗಳು ಎದ್ದು ಕಾಣುತ್ತವೆ. ಒಂದು ವಿಲ್ಯಾನ್‌ನ (ಸ್ವಿಚ್‌ನೊಳಗೆ ಪ್ರತ್ಯೇಕಿಸಿದ ನೆಟ್‌ವರ್ಕ್) ವಿವರ ಜೇಸನ್‌ನಲ್ಲಿ ಹೀಗಿರುತ್ತದೆ:

{ "ವಿಲ್ಯಾನ್": 20, "ಹೆಸರು": "ಲೆಕ್ಕಪತ್ರ ವಿಭಾಗ", "ಪೋರ್ಟ್‌ಗಳು": [1, 2, 7] }

ಇದನ್ನು ನಾನು ಹೊರಗಿನಿಂದ ಒಳಕ್ಕೆ ಓದುತ್ತಿದ್ದೆ. ಹೊರಗೆ ಕರ್ಲಿ ಬ್ರ್ಯಾಕೆಟ್ ಇರುವುದರಿಂದ ಇದು ಆಬ್ಜೆಕ್ಟ್, ಅಂದರೆ ಕೀ-ಮೌಲ್ಯಗಳ ಗುಂಪು. ಒಳಗೆ ಮೂರು ಕೀಗಳಿವೆ. ಮೊದಲನೆಯದರ ಮೌಲ್ಯ ಸಂಖ್ಯೆ, ಎರಡನೆಯದರದು ಸ್ಟ್ರಿಂಗ್ (ಪಠ್ಯ), ಮೂರನೆಯದರದು ಸ್ಕ್ವೇರ್ ಬ್ರ್ಯಾಕೆಟ್‌ನೊಳಗಿನ ಅರೇ (ಪಟ್ಟಿ). 20 ಎಂಬುದಕ್ಕೆ ಉದ್ಧರಣ ಚಿಹ್ನೆ ಹಾಕಿದ್ದರೆ ಅದೂ ಸ್ಟ್ರಿಂಗ್ ಆಗುತ್ತಿತ್ತು. 7ನೇ ಪೋರ್ಟನ್ನು ಪೈಥಾನ್‌ನಲ್ಲಿ ಹೊರತೆಗೆಯಲು ಬೇಕಾದ ಸೂಚ್ಯಂಕ 2, ಏಕೆಂದರೆ ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆ. ಇಷ್ಟನ್ನು ಬಾಯಿಬಿಟ್ಟು ಹೇಳಿಕೊಂಡ ನಂತರ, ಅದೇ ಸಾಲನ್ನು ಬೇಕೆಂದೇ ಕೆಡಿಸಿ ನೋಡುತ್ತಿದ್ದೆ: ಕೊನೆಯ ಮೌಲ್ಯದ ನಂತರ ಒಂದು ಅಲ್ಪವಿರಾಮ, ಜೋಡಿ ಉದ್ಧರಣದ ಬದಲು ಒಂಟಿ ಉದ್ಧರಣ, ನಡುವೆ ಒಂದು ಟಿಪ್ಪಣಿ. ಮೂರರಲ್ಲಿ ಯಾವುದಿದ್ದರೂ ಅದು ಜೇಸನ್ ಅಲ್ಲ. ಪೈಥಾನ್‌ನ ಡಿಕ್ಷನರಿ ಎಂಬ ಕೀ-ಮೌಲ್ಯ ರಚನೆಯನ್ನು ಹಾಗೆಯೇ ಪ್ರಿಂಟ್ ಮಾಡಿದಾಗ ಬರುವುದು ಜೇಸನ್‌ನಂತೆಯೇ ಕಾಣುತ್ತದೆ, ಆದರೆ ಅಲ್ಲಿ ಒಂಟಿ ಉದ್ಧರಣಗಳಿರುತ್ತವೆ, ಟ್ರೂ ಮತ್ತು ಫಾಲ್ಸ್ ದೊಡ್ಡಕ್ಷರದಿಂದ ಆರಂಭವಾಗುತ್ತವೆ, ನಲ್ (null) ಇರಬೇಕಾದಲ್ಲಿ ನನ್ (None) ಇರುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಯಾವ ಪಾಠಕ್ಕಿಂತಲೂ ಹೆಚ್ಚು ಕಲಿಸುತ್ತದೆ.

<ವಿಲ್ಯಾನ್ ಸಂಖ್ಯೆ="20"><ಹೆಸರು>ಲೆಕ್ಕಪತ್ರ ವಿಭಾಗ</ಹೆಸರು><ಪೋರ್ಟ್>1</ಪೋರ್ಟ್><ಪೋರ್ಟ್>2</ಪೋರ್ಟ್><ಪೋರ್ಟ್>7</ಪೋರ್ಟ್></ವಿಲ್ಯಾನ್>

1998ರಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿಯ ಶಿಫಾರಸಾಗಿ ಹೊರಬಂದ ಎಕ್ಸ್‌ಎಂಎಲ್‌ನಲ್ಲಿ ಗುರುತಿಸುವ ಕೆಲಸ ಸುಲಭ. ತೆರೆದ ಟ್ಯಾಗ್ ಮುಚ್ಚಿರಬೇಕು, ಎಲ್ಲವನ್ನೂ ಒಳಗೊಂಡ ಮೂಲ ಎಲಿಮೆಂಟ್ ಒಂದೇ ಇರಬೇಕು. ಕಷ್ಟವಿರುವುದು ಹೋಲಿಕೆಯಲ್ಲಿ. ಇಲ್ಲಿ ಅರೇ ಎಂದು ಹೇಳುವ ಚಿಹ್ನೆಯೇ ಇಲ್ಲ. ಪೋರ್ಟ್ ಎಂಬ ಎಲಿಮೆಂಟ್ ಮತ್ತೆ ಮತ್ತೆ ಬರುವುದರಿಂದಲೇ ಅದು ಪಟ್ಟಿಯೆಂದು ನಾವು ತಿಳಿಯಬೇಕು. ಒಂದೇ ಪೋರ್ಟ್ ಇದ್ದರೆ ಅದು ಪಟ್ಟಿಯೋ ಒಂಟಿ ಮೌಲ್ಯವೋ ಎಂದು ದತ್ತಾಂಶದಿಂದಷ್ಟೇ ಹೇಳಲಾಗುವುದಿಲ್ಲ. ಇದು ಬರಿಯ ಪುಸ್ತಕದ ಮಾತಲ್ಲವೆಂಬುದು ಸಿಸ್ಕೋದ ನೆಕ್ಸಸ್ ಸ್ವಿಚ್‌ಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಶೋ ವಿಲ್ಯಾನ್ ಕಮಾಂಡ್‌ನ ನಂತರ ಪೈಪ್ ಚಿಹ್ನೆ (|) ಹಾಕಿ ಜೇಸನ್ ಎಂದು ಬರೆದರೆ ಉತ್ತರ ಜೇಸನ್‌ನಲ್ಲಿ ಬರುತ್ತದೆ. ಹಲವು ವಿಲ್ಯಾನ್‌ಗಳಿದ್ದರೆ ಸಾಲುಗಳು ಅರೇ ಆಗಿರುತ್ತವೆ, ಒಂದೇ ಇದ್ದರೆ ಅದೇ ಜಾಗದಲ್ಲಿ ಆಬ್ಜೆಕ್ಟ್ ಬಂದು ಕೂರುತ್ತದೆ, ವಿಲ್ಯಾನ್ ಸಂಖ್ಯೆಯೂ ಉದ್ಧರಣ ಚಿಹ್ನೆಯೊಳಗೆ ಸ್ಟ್ರಿಂಗ್ ಆಗಿರುತ್ತದೆ. ಲ್ಯಾಬ್‌ನಲ್ಲಿ ಈ ಔಟ್‌ಪುಟ್ ತೆಗೆದು ಓದುವುದನ್ನು ಅಭ್ಯಾಸದ ಭಾಗವಾಗಿ ಮಾಡಿಕೊಂಡ ಮೇಲೆ ಆಬ್ಜೆಕ್ಟ್, ಅರೇಗಳ ವ್ಯತ್ಯಾಸ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿತು.

ಯಾಮಲ್‌ಗೆ ನಾನು ಹೆಚ್ಚು ಸಮಯ ಕೊಟ್ಟೆ, ಏಕೆಂದರೆ ಅದು ನೋಡಲು ಅತ್ಯಂತ ಸರಳ, ನಿಯಮಗಳಲ್ಲಿ ಅತ್ಯಂತ ಸೂಕ್ಷ್ಮ.

ವಿಲ್ಯಾನ್: 20
ಹೆಸರು: ಲೆಕ್ಕಪತ್ರ ವಿಭಾಗ
ಪೋರ್ಟ್‌ಗಳು:
  - 1
  - 2
  - 7

ಇಲ್ಲಿ ರಚನೆಯನ್ನು ಹೇಳುವುದು ಸಾಲಿನ ಮೊದಲಿನ ಖಾಲಿ ಜಾಗ. ಅದನ್ನು ಸ್ಪೇಸ್‌ನಿಂದಲೇ ಬಿಡಬೇಕು, ಟ್ಯಾಬ್ ಸಲ್ಲದು. ಮೂರು ಅಡ್ಡಗೆರೆಗಳಿಂದ ಆರಂಭವಾಗುವ ಕಡತ, ಹ್ಯಾಶ್‌ನಿಂದ ಆರಂಭವಾಗುವ ಟಿಪ್ಪಣಿ ಕಂಡರೆ ಗುರುತು ಸುಲಭ. ಯಾಮಲ್ 1.2ರ ಪ್ರಕಾರ ಜೇಸನ್ ಬರಹವೂ ಯಾಮಲ್ ಆಗಿ ಸಲ್ಲುತ್ತದೆ. ಆದ್ದರಿಂದ ಕರ್ಲಿ ಬ್ರ್ಯಾಕೆಟ್ ಕಂಡ ಮಾತ್ರಕ್ಕೆ ಯಾಮಲ್ ಅಲ್ಲವೆಂದು ತಳ್ಳಿಹಾಕುವಂತಿಲ್ಲ.

ಉದ್ಧರಣ ಚಿಹ್ನೆಯ ಬೆಲೆಯನ್ನು ತಿಳಿಯಲು ನಾನು ಬಳಸಿದ್ದು ನಮ್ಮ ಎಸ್‌ಟಿಡಿ ಕೋಡ್‌ಗಳನ್ನು. ಬೆಂಗಳೂರಿನ 080, ಮುಂಬೈನ 022 ಎರಡನ್ನೂ ಉದ್ಧರಣವಿಲ್ಲದೆ ಯಾಮಲ್‌ನಲ್ಲಿ ಬರೆದು, ಪೈಯಾಮಲ್ ಲೈಬ್ರರಿಯಿಂದ ಓದಿಸಿ ನೋಡಿ. 022 ಎಂಬುದು 18 ಆಗಿಬಿಡುತ್ತದೆ. ಆ ಲೈಬ್ರರಿ ಅನುಸರಿಸುವ ಯಾಮಲ್ 1.1ರಲ್ಲಿ ಸೊನ್ನೆಯಿಂದ ಆರಂಭವಾಗುವ ಸಂಖ್ಯೆ ಅಷ್ಟಮಾನ ಪದ್ಧತಿಯದು. 080 ಮಾತ್ರ ಸ್ಟ್ರಿಂಗ್ ಆಗಿಯೇ ಉಳಿಯುತ್ತದೆ, ಏಕೆಂದರೆ ಅಷ್ಟಮಾನದಲ್ಲಿ 8 ಎಂಬ ಅಂಕಿಯೇ ಇಲ್ಲ. ಜೇಸನ್‌ನಲ್ಲಿ ಇವೆರಡೂ ಉದ್ಧರಣವಿಲ್ಲದೆ ದೋಷವೇ ಸರಿ. ಸಂಖ್ಯೆಯ ಮೊದಲಿಗೆ ಹೆಚ್ಚುವರಿ ಸೊನ್ನೆ ಅಲ್ಲಿ ಸಲ್ಲುವುದಿಲ್ಲ. ಎಕ್ಸ್‌ಎಂಎಲ್‌ನಲ್ಲಿ ಎರಡೂ ಬರಿಯ ಪಠ್ಯವಾಗಿ ಇದ್ದಂತೆಯೇ ಇರುತ್ತವೆ. ಮೂರು ಸ್ವರೂಪಗಳ ಸ್ವಭಾವವನ್ನು ಇಷ್ಟು ಚಿಕ್ಕದಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ. ಇದೇ ಜಾತಿಯದು ಇನ್ನೊಂದು: ಉದ್ಧರಣವಿಲ್ಲದ 12:30 ಎಂಬ ಸಮಯವನ್ನು ಪೈಯಾಮಲ್ 750 (12×60 + 30) ಎಂದು ಓದುತ್ತದೆ.

ಯಾವುದು ಎಲ್ಲಿ ಬಳಕೆಯಾಗುತ್ತದೆ ಎಂಬುದನ್ನು ಬೇಗ ಮುಗಿಸಬಹುದು. ನೆಟ್‌ವರ್ಕ್ ಉಪಕರಣಗಳನ್ನು ದೂರದಿಂದ ಸಂರಚಿಸುವ ಪ್ರೋಟೊಕಾಲ್‌ಗಳಲ್ಲಿ ನೆಟ್‌ಕಾನ್ಫ್ ಎಕ್ಸ್‌ಎಂಎಲ್ ಬಳಸುತ್ತದೆ, ರೆಸ್ಟ್‌ಕಾನ್ಫ್‌ನಲ್ಲಿ ಎಕ್ಸ್‌ಎಂಎಲ್ ಮತ್ತು ಜೇಸನ್ ಎರಡಕ್ಕೂ ಅವಕಾಶವಿದೆ, ಆಟೊಮೇಶನ್ ಸಾಧನವಾದ ಆನ್ಸಿಬಲ್‌ನ ಪ್ಲೇಬುಕ್‌ಗಳು (ಮಾಡಬೇಕಾದ ಕೆಲಸಗಳ ಪಟ್ಟಿಗಳು) ಯಾಮಲ್‌ನಲ್ಲಿರುತ್ತವೆ.

ಸಿಸ್ಕೋ ಪರೀಕ್ಷೆಗಳಲ್ಲಿ ಉತ್ತರಿಸಿ ಮುಂದೆ ಹೋದ ಪ್ರಶ್ನೆಗೆ ಹಿಂದಿರುಗಲು ಆಗುವುದಿಲ್ಲ. ಆದ್ದರಿಂದ ಓದುವ ಕ್ರಮವನ್ನು ಮೊದಲೇ ಕೈಗೆ ಅಭ್ಯಾಸ ಮಾಡಿಸಿದ್ದೆ: ಮೊದಲ ಚಿಹ್ನೆ ನೋಡು, ಬ್ರ್ಯಾಕೆಟ್‌ಗಳ ಜೋಡಿ ಸರಿಯಿದೆಯೇ ನೋಡು, ಕೇಳಿದ ಮೌಲ್ಯಕ್ಕೆ ಹೊರಗಿನಿಂದ ದಾರಿ ಬರೆ, ಆಮೇಲಷ್ಟೇ ಆಯ್ಕೆಗಳನ್ನು ಓದು. ಆಯ್ಕೆಗಳನ್ನು ಮೊದಲು ಓದಿದರೆ ಅವು ನಮ್ಮ ಎಣಿಕೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ ಎಂಬುದು ನನ್ನ ದೃಢ ಅಭಿಪ್ರಾಯ.

ಕನ್ನಡದಲ್ಲಿ ಅಭ್ಯಾಸ ಮಾಡುವವರಿಗೆ ಒಂದು ಸೂಚನೆ. ಪೈಥಾನ್‌ನ ಜೇಸನ್ ಮಾಡ್ಯೂಲ್ ಬರೆಯುವಾಗ ಕನ್ನಡದ ಪ್ರತಿ ಅಕ್ಷರವನ್ನೂ ಬ್ಯಾಕ್‌ಸ್ಲ್ಯಾಶ್‌ನಿಂದ ಆರಂಭವಾಗುವ ಯೂನಿಕೋಡ್ ಸಂಕೇತವಾಗಿ ಬದಲಿಸುತ್ತದೆ. ದತ್ತಾಂಶ ಕೆಟ್ಟಿರುವುದಿಲ್ಲ, ಮತ್ತೆ ಓದಿಸಿದರೆ ಕನ್ನಡವೇ ಬರುತ್ತದೆ. ಆದರೂ ಕಡತದಲ್ಲಿಯೇ ಕನ್ನಡ ಕಾಣಬೇಕಾದರೆ ಎನ್‌ಶೂರ್ ಆಸ್ಕಿ (ensure_ascii) ಎಂಬ ಆಯ್ಕೆಯನ್ನು ಫಾಲ್ಸ್ ಎಂದು ಕೊಟ್ಟು, ಕಡತವನ್ನು ಯುಟಿಎಫ್-8ರಲ್ಲಿ ತೆರೆಯಬೇಕು.