‘ಎಂಡ್ ಆನ್ ಎ ಹೈ ನೋಟ್’: ಈ ನುಡಿಗಟ್ಟನ್ನು ನಾನು ಬಳಸುವ, ಕಲಿಸುವ ಬಗೆ

ಉದ್ಯೋಗದಲ್ಲಿರುವವರಿಗೆ ಇಂಗ್ಲಿಷ್ ಬರವಣಿಗೆ ಕಲಿಸುವುದು ನನ್ನ ಕೆಲಸ. ಬೀಳ್ಕೊಡುಗೆಯ ಭಾಷಣ, ವರ್ಷಾಂತ್ಯದ ವರದಿ, ಕೆಲಸ ಬಿಡುವಾಗ ಸಹೋದ್ಯೋಗಿಗಳಿಗೆ ಬರೆಯುವ ಪತ್ರ, ಹೀಗೆ ಏನಾದರೊಂದು ಮುಗಿಯುವ ಕಡೆಯೆಲ್ಲ ‘ಎಂಡ್ ಆನ್ ಎ ಹೈ ನೋಟ್’ ತಪ್ಪದೆ ಹಾಜರಾಗುತ್ತದೆ. ಕೊನೆಯ ಘಟ್ಟ ಮೇಲ್ಮಟ್ಟದಲ್ಲಿರುವಂತೆ ಮುಗಿಯುವುದು ಎಂಬುದು ಅದರ ಭಾವ. ಅರ್ಥ ನಿಘಂಟಿನಲ್ಲಿ ಸಿಗುತ್ತದೆ. ಅದನ್ನು ಯಾವ ವಾಕ್ಯದಲ್ಲಿ, ಯಾರ ಹೆಸರಿನ ಮುಂದೆ ಇಡಬಹುದು ಎಂಬುದು ಮಾತ್ರ ಬಳಸಿ ಬಳಸಿಯೇ ಕೈಗೆ ಹತ್ತಬೇಕು.

ಮೊದಲು ಅದರ ರೂಪದ ಮಾತು. ಕನ್ನಡದ ಕಿವಿಗೆ ಇಲ್ಲಿ ಎರಡು ತೊಡಕುಗಳಿವೆ. ‘ಎ’ ಎಂಬ ಪುಟ್ಟ ಪದಕ್ಕೆ ಸಮನಾದದ್ದು ನಮ್ಮಲ್ಲಿ ಇಲ್ಲದ್ದರಿಂದ ಅದು ಬಿಟ್ಟುಹೋಗುತ್ತದೆ. ‘ಉತ್ಸಾಹದಲ್ಲಿ’, ‘ಸಂತೋಷದೊಂದಿಗೆ’ ಎಂದು ಯೋಚಿಸುವ ಮನಸ್ಸು ‘ಆನ್’ ಬರಬೇಕಾದ ಕಡೆ ‘ಇನ್’ ಅಥವಾ ‘ವಿತ್’ ಹಾಕುತ್ತದೆ. ಹಾಡೊಂದು ನಿಜವಾಗಿಯೇ ತಾರಸ್ವರದಲ್ಲಿ ಮುಗಿದರೆ ‘ವಿತ್’ ಕೂಡ ಸರಿ. ನುಡಿಗಟ್ಟಾಗಿ ಬಂದಾಗ ‘ಆನ್’ ಒಂದೇ. ಇದನ್ನು ನಿಯಮವಾಗಿ ಉರು ಹೊಡೆಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಬದಲಿಗೆ ಅದರ ಒಡಹುಟ್ಟುಗಳನ್ನೆಲ್ಲ ಒಟ್ಟಿಗೆ ಕರೆತರುತ್ತೇನೆ: ‘ಆನ್ ಎ ಸ್ಯಾಡ್ ನೋಟ್’, ‘ಆನ್ ಎ ಪಾಸಿಟಿವ್ ನೋಟ್’, ‘ಆನ್ ಎ ಲೈಟರ್ ನೋಟ್’. ಇವನ್ನು ಒಂದರ ಹಿಂದೊಂದು ಗಟ್ಟಿಯಾಗಿ ಹೇಳಿದಾಗ ‘ಆನ್ ಎ’ ಎಂಬೆರಡು ಪದಗಳು ಬೆಸೆದುಕೊಂಡು ‘ಆನ’ ಎಂಬ ಒಂದೇ ಉಸಿರಾಗುತ್ತವೆ. ಆಮೇಲೆ ನಡುವಿನ ಗುಣವಾಚಕ ಬದಲಾದರೂ ಚೌಕಟ್ಟು ಅಲುಗಾಡುವುದಿಲ್ಲ.

ಇದಕ್ಕಿಂತ ಹೆಚ್ಚು ಹೊತ್ತು ನಾನು ನಿಲ್ಲುವುದು ಕರ್ತೃಪದದ ಬಳಿ. ವಾಕ್ಯದಲ್ಲಿ ಮುಗಿಸುತ್ತಿರುವವರು ಯಾರು? ಆ ‘ಎತ್ತರ’ ಅವರದೇ ಆಗಿರಬೇಕು. ತರಗತಿಯಲ್ಲಿ ಇದಕ್ಕೆ ಕ್ರಿಕೆಟ್ಟಿನಷ್ಟು ಒದಗಿಬರುವ ವಿಷಯ ಇನ್ನೊಂದಿಲ್ಲ. 2018ರಲ್ಲಿ ಓವಲ್ ಮೈದಾನದಲ್ಲಿ ಭಾರತದ ವಿರುದ್ಧ ತಮ್ಮ ಕೊನೆಯ ಟೆಸ್ಟ್ ಆಡಿದ ಅಲಸ್ಟೇರ್ ಕುಕ್ ಮೊದಲ ಇನ್ನಿಂಗ್ಸ್‌ನಲ್ಲಿ 71, ಎರಡನೆಯದರಲ್ಲಿ 147 ರನ್ ಹೊಡೆದರು. ಇಂಗ್ಲೆಂಡ್ 118 ರನ್‌ಗಳಿಂದ ಗೆದ್ದಿತು. ಇಲ್ಲಿ ಕರ್ತೃಪದವಾಗಿ ಕುಕ್ ಬಂದರೂ ಸರಿ, ಇಂಗ್ಲೆಂಡ್ ಬಂದರೂ ಸರಿ. ಚರ್ಚೆಗೆ ಎಡೆಯೇ ಇಲ್ಲ.

ಸುನಿಲ್ ಗವಾಸ್ಕರ್ ವಿಷಯಕ್ಕೆ ಬಂದರೆ ತರಗತಿ ಎದ್ದು ಕೂರುತ್ತದೆ. 1987ರಲ್ಲಿ ಪಾಕಿಸ್ತಾನದ ವಿರುದ್ಧ, ಚೆಂಡು ಬುಗುರಿಯಂತೆ ತಿರುಗುತ್ತಿದ್ದ ಪಿಚ್ಚಿನಲ್ಲಿ, ತಮ್ಮ ಕೊನೆಯ ಟೆಸ್ಟ್ ಇನ್ನಿಂಗ್ಸ್‌ನಲ್ಲಿ ಅವರು ಗಳಿಸಿದ್ದು 96. ಭಾರತ ಸೋತದ್ದು ಬರೀ 16 ರನ್‌ಗಳಿಂದ, ಜೊತೆಗೆ ಸರಣಿಯೂ ಕೈಬಿಟ್ಟಿತು. ಶತಕ ತಪ್ಪಿತು, ಪಂದ್ಯ ಹೋಯಿತು, ಇದರಲ್ಲಿ ‘ಹೈ ನೋಟ್’ ಎಲ್ಲಿದೆ ಎಂದು ಕೆಲವರು ಕೇಳುತ್ತಾರೆ. ಇದೆ ಎಂಬುದೇ ನನ್ನ ನಿಲುವು. ‘ಗವಾಸ್ಕರ್’ ಎಂದು ವಾಕ್ಯ ಆರಂಭಿಸಿದರೆ ನುಡಿಗಟ್ಟು ಹಕ್ಕಿನಿಂದ ಬಂದು ಕೂರುತ್ತದೆ. ‘ಭಾರತ’ ಎಂದು ಆರಂಭಿಸಿದರೆ ಸುಳ್ಳಾಗುತ್ತದೆ. ಡಾನ್ ಬ್ರಾಡ್ಮನ್ ಅವರದು ಇದಕ್ಕೆ ತದ್ವಿರುದ್ಧ. 1948ರಲ್ಲಿ ಅದೇ ಓವಲ್‌ನಲ್ಲಿ, ಕೊನೆಯ ಟೆಸ್ಟ್ ಇನ್ನಿಂಗ್ಸ್‌ನ ಎರಡನೇ ಎಸೆತಕ್ಕೇ ಸೊನ್ನೆಗೆ ಬೌಲ್ಡ್ ಆದರು, ಸರಾಸರಿ 99.94ಕ್ಕೆ ನಿಂತಿತು. ಆದರೆ ಆಸ್ಟ್ರೇಲಿಯಾ ಇನ್ನಿಂಗ್ಸ್ ಅಂತರದಿಂದ ಗೆದ್ದು ಸರಣಿಯನ್ನು 4-0ರಿಂದ ಮುಗಿಸಿತು. ತಂಡಕ್ಕೆ ಸಲ್ಲುವ ಮಾತು ಅದರ ನಾಯಕನ ಬ್ಯಾಟಿಂಗಿಗೆ ಸಲ್ಲುವುದಿಲ್ಲ. ಗವಾಸ್ಕರ್, ಬ್ರಾಡ್ಮನ್ ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡಿದವರು ಮುಂದೆ ಕರ್ತೃಪದವನ್ನು ಕಣ್ಣುಮುಚ್ಚಿ ಬರೆಯುವುದಿಲ್ಲ.

ಇನ್ನೊಂದು ಗೊಂದಲವನ್ನೂ ಬಿಡಿಸಬೇಕಾಗುತ್ತದೆ. ‘ಆಲ್ ಈಸ್ ವೆಲ್ ದಟ್ ಎಂಡ್ಸ್ ವೆಲ್’ ಎಂಬ ಗಾದೆಯನ್ನು ಇದರ ಜಾಗದಲ್ಲಿ ಬಳಸುವವರು ಬಹಳ. ಆ ಗಾದೆಗೆ ನಡುವೆ ಒಂದಷ್ಟು ಪಡಿಪಾಟಲು ಬೇಕೇ ಬೇಕು. ಕೊನೆಗೆ ಒಳಿತಾಯಿತಲ್ಲ, ಹಿಂದಿನದನ್ನು ಮರೆಯೋಣ ಎಂಬ ಸಮಾಧಾನ ಅದರಲ್ಲಿದೆ. ನಿವೃತ್ತರಾಗುತ್ತಿರುವ ಹಿರಿಯರ ಬಗ್ಗೆ ಹಾಗೆ ಬರೆದರೆ ಅವರ ಸೇವಾವಧಿಯೆಲ್ಲ ತೊಂದರೆಯೇ ಆಗಿತ್ತೇನೋ ಎಂಬ ಧ್ವನಿ ಹೊರಡುತ್ತದೆ. ‘ಹೈ ನೋಟ್’ ಹಿಂದಿನದನ್ನು ಮನ್ನಿಸಲು ಬಂದದ್ದಲ್ಲ. ಹಿಂದಿನದು ಚೆನ್ನಾಗಿದ್ದರೂ ಅದನ್ನು ಬಳಸಬಹುದು.

ಒಮ್ಮೆ ಒಬ್ಬರು ತಮ್ಮ ವರದಿಯನ್ನು ತಂದು ತೋರಿಸಿದರು. ಕೊನೆಯ ವಾಕ್ಯ: ‘ದ ಪ್ರಾಜೆಕ್ಟ್ ಎಂಡೆಡ್ ಆನ್ ಎ ಹೈ ನೋಟ್.’ ವ್ಯಾಕರಣ ಶುದ್ಧವಾಗಿತ್ತು. “ಎತ್ತರ ಯಾವುದು, ತೋರಿಸಿ” ಎಂದೆ. “ಕೊನೆಯ ತಿಂಗಳಲ್ಲಿ ಗ್ರಾಹಕರಿಂದ ಒಂದೂ ದೂರು ಬರಲಿಲ್ಲ ಮೇಡಂ, ಅದಕ್ಕೆ ಮೊದಲು ಪ್ರತಿ ವಾರ ಬರುತ್ತಿತ್ತು” ಎಂದರು. ಇಷ್ಟು ಒಳ್ಳೆಯ ಸಂಗತಿ ವರದಿಯ ಆರನೇ ಪುಟದ ಕೋಷ್ಟಕವೊಂದರಲ್ಲಿ ಹುದುಗಿತ್ತು! ಅದನ್ನು ಎತ್ತಿ ತಂದು ಈ ವಾಕ್ಯದ ಒಳಕ್ಕೇ ಸೇರಿಸಿದೆವು: ಯೋಜನೆ ‘ಹೈ ನೋಟ್’ನಲ್ಲಿ ಮುಗಿಯಿತು, ಕೊನೆಯ ತಿಂಗಳು ಒಂದೂ ದೂರಿಲ್ಲದೆ ಕಳೆಯಿತು ಎಂದು. ಅಂದಿನಿಂದ ನಾನು ಬರೆಯುವಾಗಲೂ ಇದೇ ಪದ್ಧತಿ. ತೋರಿಸಲು ಸಂಗತಿಯಿದ್ದರೆ ನುಡಿಗಟ್ಟು ಉಳಿಯುತ್ತದೆ, ಇಲ್ಲದಿದ್ದರೆ ಹೊಡೆದುಹಾಕುತ್ತೇನೆ. ಜನರ ಕೆಲಸ ಹೋಗುವ ಸುದ್ದಿಯಿರುವ ಪತ್ರದಲ್ಲಂತೂ ಅದಕ್ಕೆ ಪ್ರವೇಶವೇ ಇಲ್ಲ. ಅಂಥ ಪತ್ರ ಓದುತ್ತಿರುವವರಿಗೆ ಅದು ಗಾಯದ ಮೇಲೆ ಬರೆ.

ಕನ್ನಡಕ್ಕೆ ತರುವಾಗಲೂ ಎಚ್ಚರ ಬೇಕು. ಸಂಗೀತದ ನುಡಿಗಟ್ಟಿಗೆ ಸಂಗೀತದ್ದೇ ನುಡಿಗಟ್ಟು ಇರಲಿ ಎಂದು ‘ಮಂಗಳ ಹಾಡಿದರು’ ಎಂದು ಬರೆದರೆ ಕೆಟ್ಟಿತು. ನಮ್ಮಲ್ಲಿ ಮಂಗಳ ಹಾಡುವುದೆಂದರೆ ಯಾವುದಾದರೂ ಕೆಲಸವನ್ನು ಕೈಬಿಟ್ಟು ಬಾಗಿಲು ಹಾಕುವುದು ಎಂಬ ಅರ್ಥವೂ ಇದೆ. ಆಟಗಾರರಾದರೆ ‘ಗೆಲುವಿನ ವಿದಾಯ’, ಹುದ್ದೆ ಬಿಡುವವರಾದರೆ ‘ಹೆಸರು ಉತ್ತುಂಗದಲ್ಲಿರುವಾಗಲೇ ಇಳಿದರು’, ಸಭೆಯಾದರೆ ಬರೀ ‘ಉತ್ಸಾಹದಿಂದ ಮುಗಿಯಿತು’ ಎಂದು ನಾನು ಬರೆಯುತ್ತೇನೆ. ವ್ಯಕ್ತಿಯೇ ಹೊರಹೋಗುತ್ತಿದ್ದರೆ ಇಂಗ್ಲಿಷಿನಲ್ಲಿ ‘ಎಂಡ್’ ಬದಲು ‘ಗೋ ಔಟ್’ ಹೆಚ್ಚು ಒಪ್ಪುತ್ತದೆ.

ಇನ್ನು ಸಭೆಯನ್ನು ನಡೆಸುವವರಿಗೆ ‘ಆನ್ ದಟ್ ನೋಟ್’, ಅಂದರೆ ‘ಆ ಮಾತಿನೊಂದಿಗೇ ಮುಗಿಸೋಣ’ ಎನ್ನುವುದನ್ನು ಕಲಿಸುತ್ತೇನೆ. ಯಾರಾದರೂ ಒಳ್ಳೆಯ ಸುದ್ದಿ ಹೇಳಿದ ಕ್ಷಣದಲ್ಲೇ ಅದನ್ನು ಹೇಳಿ, ವಂದಿಸಿ, ಎದ್ದುಬಿಡಬೇಕು. ಆಮೇಲೆ ‘ಇನ್ನೊಂದು ವಿಷಯ’ ಎಂದು ಕಾರ್ಯಸೂಚಿಯಲ್ಲಿ ಉಳಿದದ್ದನ್ನು ತೆಗೆಯಬಾರದು. ಅಂಥ ವಿಷಯಗಳಿದ್ದರೆ ಅವನ್ನು ಸುದ್ದಿಗೆ ಮೊದಲೇ ಮುಗಿಸಿಕೊಳ್ಳಲು ಹೇಳುತ್ತೇನೆ.