ಕೈದಿಗಳ ವಿನಿಮಯದ ಚರ್ಚೆಗೆ ಸಿದ್ಧರಾಗುವ ಬಗೆ

ರಾಯಚೂರಿನ ಕಾಲೇಜುಗಳ ಚರ್ಚಾಸ್ಪರ್ಧೆಯಲ್ಲಿ ಉಗ್ರರೊಂದಿಗಿನ ಕೈದಿಗಳ ವಿನಿಮಯದ ಬಗ್ಗೆ ಮಾತನಾಡುವವರು ಪರ-ವಿರೋಧವನ್ನು ಆರಿಸಿಕೊಳ್ಳುವ ಮೊದಲು, ಬಿಡುಗಡೆಯಾಗುವವರು ಯಾರು, ಅವರ ಮೇಲಿನ ಆರೋಪ ಸಾಬೀತಾಗಿದೆಯೇ, ಒತ್ತೆಯಾಳುಗಳನ್ನು ಉಳಿಸಲು ಬೇರೆ ದಾರಿಯಿದೆಯೇ ಎಂಬುದನ್ನು ಬರೆದುಕೊಳ್ಳಬೇಕು.

ನಂತರ ಪರಿಣಾಮಗಳನ್ನು ಪರಿಶೀಲಿಸಿ. 1999ರ ಡಿಸೆಂಬರಿನಲ್ಲಿ ಅಪಹೃತವಾಗಿ ಅಫ್ಘಾನಿಸ್ತಾನದ ಕಂದಹಾರ್‌ನಲ್ಲಿದ್ದ ವಿಮಾನದ ಪ್ರಯಾಣಿಕರಿಗಾಗಿ ಭಾರತವು ಮೂವರನ್ನು ಬಿಟ್ಟಿತು. ಅವರಲ್ಲೊಬ್ಬನಾದ ಮಸೂದ್ ಅಜರ್ ಮರುವರ್ಷವೇ ಜೈಶ್-ಎ-ಮೊಹಮ್ಮದ್ ಎಂಬ ಉಗ್ರ ಸಂಘಟನೆಯನ್ನು ಕಟ್ಟಿದ. 2011ರಲ್ಲಿ ಹಮಾಸ್ ಸೆರೆಯಲ್ಲಿದ್ದ ಒಬ್ಬ ಸೈನಿಕನಿಗಾಗಿ ಇಸ್ರೇಲ್ 1,027 ಕೈದಿಗಳನ್ನು ಬಿಡಲು ಒಪ್ಪಿತು. ಮುಂದೆ ಹಮಾಸ್‌ನ ನಾಯಕನಾಗಿ 2023ರ ಅಕ್ಟೋಬರ್ 7ರ ದಾಳಿಯನ್ನು ರೂಪಿಸಿದ ಯಾಹ್ಯಾ ಸಿನ್ವಾರ್ ಕೂಡ ಅವರಲ್ಲಿದ್ದ. ಇಷ್ಟನ್ನು ಹೇಳಿ ವಿನಿಮಯದ ವಿರೋಧಿಗಳ ವಾದ ಗೆದ್ದಿತೆಂದು ಕೂರುವುದು ಅನ್ಯಾಯ. ವಿಮಾನದಲ್ಲಿ ಸಿಕ್ಕಿಬಿದ್ದವರ ಮನೆಯವರೆದುರು ನಿಂತು ಅದೇ ಮಾತನ್ನು ಆಡಬಲ್ಲೆವೇ ಎಂದು ಪ್ರತಿಯೊಬ್ಬ ಭಾಷಣಕಾರರೂ ತಮ್ಮನ್ನು ಕೇಳಿಕೊಳ್ಳಲೇಬೇಕು.

ನಮ್ಮ ನಾಡಿನ ನಿದರ್ಶನವನ್ನು ಖಂಡಿತ ಬಿಡಬೇಡಿ. 2000ರಲ್ಲಿ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದಾಗ, ಆತನ ಬೇಡಿಕೆಯಂತೆ ಸರ್ಕಾರವು ಟಾಡಾ ಎಂಬ ಭಯೋತ್ಪಾದನಾ ತಡೆ ಕಾಯ್ದೆಯಡಿಯ ಆರೋಪಿಗಳ ಬಿಡುಗಡೆಗೆ ಮುಂದಾಯಿತು. ವೀರಪ್ಪನ್ ತಂಡದಿಂದ ಹತರಾಗಿದ್ದ ಪೊಲೀಸ್ ಅಧಿಕಾರಿಯೊಬ್ಬರ ತಂದೆ ಅದನ್ನು ಪ್ರಶ್ನಿಸಿದರು, ಸುಪ್ರೀಂ ಕೋರ್ಟ್ ಬಿಡುಗಡೆಯನ್ನು ತಡೆಯಿತು. ಆ ತಂದೆಯಂಥವರಿಗೆ ಸಂಧಾನದ ಮೇಜಿನಲ್ಲಿ ಸ್ಥಾನವಿರುವುದಿಲ್ಲವಾದ್ದರಿಂದ, ನಿಮ್ಮ ಭಾಷಣದಲ್ಲಾದರೂ ಅವರ ವಾದಕ್ಕೆ ಸಮಯವನ್ನು ಮೀಸಲಿಡಿ.